“ಹಸ ಸಾಕೋದು ಬ್ಯಾಡ ಅನ್ನೋಕೆ ಪಾಯಿಂಟ್ ಕೊಡಮ್ಮ”

ಹೋದ ವರ್ಷ ಶ್ರಾವಣದ ಒಂದು ಸಂಜೆ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಕೂತಿದ್ದೆ. ಆಗ ಒಂಬತ್ತನೇ ತರಗತಿಯಲ್ಲಿದ್ದ ಮಗಳು ಶಾಲೆಯಿಂದ ಬಂದವಳು ಬ್ಯಾಗನ್ನೂ ಇಳಿಸದೆ ನೇರ ಕೊಟ್ಟಿಗೆಗೇ ಬಂದು ಕಂಬಕ್ಕೆ ಒರಗಿ ನಿಂತಳು.

“ಅಮ್ಮ, ಚರ್ಚಾ ಸ್ಪರ್ಧೆಗೆ ವಿಷಯ ಕೊಟ್ಟವ್ರೆ. ಹಳ್ಳಿಯ ಯುವಜನರು ಹೈನುಗಾರಿಕೆಯನ್ನೇ ನೆಚ್ಚಿಕೊಳ್ಳಬೇಕು ಅಂತ. ಚೀಟಿ ಎತ್ತಿದ್ರೆ ನಂಗೆ ವಿರೋಧ ಬಂತು. ಹಸ ಸಾಕೋದು ಬ್ಯಾಡ ಅನ್ನೋಕೆ ಪಾಯಿಂಟ್ ಕೊಡಮ್ಮ.”

ನನ್ನ ಕೈ ನಿಂತುಬಿಟ್ಟಿತು. ಸೊರೆ ಬಿಟ್ಟ ಹಸುವಿನ ಕೆಳಗೆ ಕೈ ನಿಂತರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅದು ತಿರುಗಿ ನೋಡಿತು, ಕಾಲು ಎತ್ತಿ ಇಟ್ಟಿತು. ನನಗೆ ಸಿಟ್ಟು ಬಂತು. “ಹಸ ಬ್ಯಾಡ ಅಂದ್ರೆ ನಿನ್ನ ನೋಟ್‌ಬುಕ್ಕು, ಶೂ, ಟ್ಯೂಷನ್ ಫೀಸು ಎಲ್ಲಿಂದ ಬತ್ತದೆ? ನಿಮ್ಮ ಮೇಡಂ ಕೊಡ್ತಾರಾ?” ಎಂದೆ.

ಅವಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಅದನ್ನು ಬರೆದುಕೊಂಡಳು. “ಇದು ಎದುರು ಪಕ್ಷದವ್ರು ಕೇಳೋ ಪ್ರಶ್ನೆ. ಇದಕ್ಕೆ ಉತ್ತರ ರೆಡಿ ಮಾಡ್ಕೋಬೇಕು” ಎಂದಳು. ನಾನು ಮತ್ತೆ ಹಾಲು ಕರೆಯತೊಡಗಿದೆ. ಆ ದಿನ ಅರ್ಧ ಲೀಟರ್ ಕಡಿಮೆಯೇ ಬಂತು.

ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಊರು. ಎರಡು ಎಚ್‌ಎಫ್ ಹಸು, ಒಂದು ಪಡ್ಡೆ, ಮಳೆ ನೆಚ್ಚಿದ ಎರಡು ಎಕರೆ. ನಾನು ಹತ್ತನೇ ತರಗತಿ ಪಾಸು ಮಾಡಿ ಅದೇ ವರ್ಷ ಈ ಮನೆಗೆ ಸೊಸೆಯಾಗಿ ಬಂದವಳು. ಸಂಘದ ಕಾರ್ಯದರ್ಶಿಗಳು “ನಿಮ್ಮ ಮಗಳ ವಿಷಯ ನೀವೇ ಬರೆದುಕೊಡಿ, ನಮ್ಮ ಪತ್ರಿಕೆಗೆ ಕಳಿಸೋಣ” ಎಂದರು. ಬರೆದಿದ್ದೇನೆ. ಕಾಗುಣಿತ ತಿದ್ದಿದ್ದು ಅವಳೇ. ತಿದ್ದುವಾಗ ಅವಳನ್ನು ಹೊಗಳಿದ ಎರಡು ಸಾಲು ಹೊಡೆದುಹಾಕಿದ್ದಾಳೆ, ಬೈದ ಸಾಲುಗಳನ್ನು ಹಾಗೇ ಬಿಟ್ಟಿದ್ದಾಳೆ.

ಇವಳು ಮೊದಲಿನಿಂದ ಮಾತುಗಾತಿಯಲ್ಲ. ಎಂಟನೇ ತರಗತಿಯಲ್ಲಿದ್ದಾಗ ಮೊದಲ ಸಲ ಚರ್ಚಾ ಸ್ಪರ್ಧೆಗೆ ನಿಲ್ಲಿಸಿದ್ದರು. ವಿಷಯ, ಮೊಬೈಲು ವಿದ್ಯಾರ್ಥಿಗಳಿಗೆ ವರವೋ ಶಾಪವೋ. ಎಲ್ಲ ಶಾಲೆಯಲ್ಲೂ ಇದೇ ವಿಷಯ ಕೊಡುತ್ತಾರೆಂದು ಕಾಣುತ್ತದೆ. ಯಾರೋ ದೊಡ್ಡವರು ಬರೆದುಕೊಟ್ಟ ಎರಡು ಹಾಳೆಯನ್ನು ಒಂದು ವಾರ ಉರು ಹೊಡೆದಳು. ಹಸುವಿಗೆ ಹುಲ್ಲು ಹಾಕುವಾಗಲೂ ‘ಆಧುನಿಕ ತಂತ್ರಜ್ಞಾನದ ಈ ಯುಗದಲ್ಲಿ’ ಅಂತ ಹೇಳಿಕೊಳ್ಳುತ್ತಿದ್ದಳು. ವೇದಿಕೆ ಹತ್ತಿದ ಮೇಲೆ ನಾಲ್ಕನೇ ವಾಕ್ಯಕ್ಕೆ ಮರೆತುಹೋಯಿತಂತೆ. ಮರೆತದ್ದಕ್ಕೆ ಅವಳಿಗೆ ಅಷ್ಟು ದುಃಖವಾಗಿರಲಿಲ್ಲ. ನೆನಪಿಸಿಕೊಳ್ಳಲು ತಡವರಿಸಿ ಏನೋ ಉದಾಹರಣೆ ಕೊಡಲು ಹೋಗಿ ‘ಹಾಲು’ ಅನ್ನುವ ಕಡೆ ‘ಆಲು’ ಅಂದಿದ್ದಾಳೆ. ಮುಂದೆ ಕೂತಿದ್ದ ಹುಡುಗರು ನಕ್ಕರು. ಅಲ್ಲಿದ್ದ ಒಬ್ಬ ದೊಡ್ಡವರೂ ನಕ್ಕು, “ಆಲೂಗಡ್ಡೆಯೇನಮ್ಮ?” ಎಂದು ಮೈಕಿನಲ್ಲೇ ಕೇಳಿದರಂತೆ.

ಮನೆಗೆ ಬಂದು ಊಟ ಮಾಡದೆ ಮಲಗಿದಳು. ಮಾರನೆಯ ದಿನ ನನಗೆ ಹೇಳಿದ್ದು ಇಷ್ಟೇ: “ನೀವ್ಯಾಕೆ ಮನೇಲಿ ಸರಿಯಾಗಿ ಮಾತಾಡಲ್ಲ?”

ಈ ಮಾತು ನನಗೆ ತುಂಬ ದಿನ ಚುಚ್ಚಿತು. ನಾವು ಮಾತಾಡುವುದೇ ಹಾಗೆ. ನಮ್ಮತ್ತೆ ‘ಹಸು’ವನ್ನು ‘ಅಸ’ ಅನ್ನುತ್ತಾರೆ, ‘ಅಕ್ಕಿ’ಯನ್ನು ಕೆಲವು ಸಲ ‘ಹಕ್ಕಿ’ ಅನ್ನುತ್ತಾರೆ. ಡೈರಿಯಲ್ಲಿ ಸಾಲು ನಿಂತವರೆಲ್ಲ ಹೀಗೇ ಮಾತಾಡುತ್ತೇವೆ. ಆದರೆ ಆ ವರ್ಷವೆಲ್ಲ ಅವಳು ತರಗತಿಯಲ್ಲಿ ಕೈ ಎತ್ತಲಿಲ್ಲ. ಗೊತ್ತಿದ್ದ ಉತ್ತರಕ್ಕೂ ಎತ್ತಲಿಲ್ಲ ಎಂದು ಅವಳ ಗೆಳತಿ ಹೇಳಿದಳು.

ಆಮೇಲೆ ಪುಸ್ತಕ ಬಂದವು. ಅದೂ ಡೈರಿಯ ದಾರಿಯಲ್ಲೇ. ಸಂಜೆ ಕ್ಯಾನ್ ಹಿಡಿದು ಅವಳೇ ಸಂಘಕ್ಕೆ ಹೋಗುತ್ತಾಳೆ. ಹಾಲು ಅಳೆದು, ಫ್ಯಾಟು ಡಿಗ್ರಿ ನೋಡಿ ಚೀಟಿ ಬರುವವರೆಗೆ ಕಾಯಬೇಕು. ಪಕ್ಕದಲ್ಲೇ ಗ್ರಾಮ ಪಂಚಾಯತಿ ಗ್ರಂಥಾಲಯ. ಕಾಯುವ ಬದಲು ಅಲ್ಲಿ ಹೋಗಿ ಕೂರಲು ಶುರುಮಾಡಿದಳು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದ ಮೇಲೆ ಪಂಚಾಯತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಇದು ನಮ್ಮೂರಿನ ಬಹಳ ತಾಯಂದಿರಿಗೆ ಇನ್ನೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ನಿಮ್ಮ ಪಂಚಾಯತಿಯಲ್ಲಿ ಒಮ್ಮೆ ಕೇಳಿ ನೋಡಿ. ಪುಸ್ತಕ ಮನೆಗೂ ಕೊಡುತ್ತಾರೆ.

ಅಲ್ಲಿಯ ಮೇಲ್ವಿಚಾರಕರು ಇವಳಿಗೆ ಮೊದಲು ಕೊಟ್ಟದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಕಾದಂಬರಿ. ಮೂಡಿಗೆರೆಯ ಜೇನು ಸೊಸೈಟಿಯಿಂದ ಕತೆ ಶುರುವಾಗುತ್ತದೆ. ಅದೂ ನಮ್ಮ ಹಾಲಿನ ಸೊಸೈಟಿಯಂಥದ್ದೇ ಎಂದು ಅವಳು ಬಂದು ಹೇಳಿದ ಮೇಲೆ ನನಗೂ ಕುತೂಹಲ ಹುಟ್ಟಿತು. ಅದರಲ್ಲಿ ಮಂದಣ್ಣ ಅಂತ ಒಬ್ಬ ಇದ್ದಾನೆ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಹುಡುಗ. ಆದರೆ ಜೇನಿನ ವಿಷಯ, ಕಾಡಿನ ವಿಷಯ ಅವನಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. ದೊಡ್ಡ ವಿಜ್ಞಾನಿ ಕರ್ವಾಲೊ ಅವನನ್ನು ಹುಡುಕಿಕೊಂಡು ಬಂದು ಗೌರವದಿಂದ ಮಾತಾಡಿಸುತ್ತಾರೆ. ಹಾರುವ ಓತಿಯನ್ನು ಹುಡುಕುತ್ತಾ ಎಲ್ಲ ಸೇರಿ ಕಾಡಿಗೆ ಹೋಗುತ್ತಾರೆ.

ಮಗಳಿಗೆ ಓತಿಗಿಂತ ಹೆಚ್ಚು ಹಿಡಿಸಿದ್ದು ಬೇರೆ. “ಅಮ್ಮ, ಪುಸ್ತಕದೊಳಗೆ ಊರೋರು ಊರಿನ ಮಾತನ್ನೇ ಆಡ್ತಾರೆ, ಅದನ್ನ ಹಂಗೇ ಅಚ್ಚು ಮಾಡವ್ರೆ” ಎಂದಳು. ಅವಳ ಮುಖ ನೋಡಬೇಕಿತ್ತು. ಪಠ್ಯಪುಸ್ತಕದ ಕನ್ನಡ ಒಂದು, ಮನೆಯ ಕನ್ನಡ ಇನ್ನೊಂದು, ಮನೆಯದು ತಪ್ಪು ಅಂತ ಅವಳು ತಿಳಿದಿದ್ದಳು. ಅಂಥ ಮಾತಿನಲ್ಲಿ ಪುಸ್ತಕ ಬರೆದವರಿದ್ದಾರೆ, ಅದನ್ನು ಲಕ್ಷಾಂತರ ಜನ ಓದಿದ್ದಾರೆ ಎಂದು ಅವಳಿಗೆ ಹೇಳಿಕೊಟ್ಟದ್ದು ನಾನಲ್ಲ, ಶಾಲೆಯೂ ಅಲ್ಲ.

ಆಮೇಲೆ ಹಿಡಿದವಳು ಬಿಡಲಿಲ್ಲ. ತ್ರಿವೇಣಿಯವರ ‘ಶರಪಂಜರ’ ತಂದಾಗ ನಾನೂ ಓದಿದೆ. ಕಲ್ಪನಾ ಮಾಡಿದ ಸಿನಿಮಾ ಟಿವಿಯಲ್ಲಿ ನೋಡಿದ್ದೆ, ಪುಸ್ತಕ ಓದಿರಲಿಲ್ಲ. ಹತ್ತನೇ ತರಗತಿ ಮುಗಿಸಿದ ಮೇಲೆ ನಾನು ಪೂರ್ತಿ ಓದಿದ ಮೊದಲ ಪುಸ್ತಕ ಅದು. ಬಾಣಂತಿಯಾದ ಮೇಲೆ ಮನಸ್ಸು ಕೆಟ್ಟು, ಚಿಕಿತ್ಸೆಯಾಗಿ ಗುಣವಾಗಿ ಮನೆಗೆ ಬಂದ ಹೆಂಗಸನ್ನು ಮನೆಯವರೇ ಮೊದಲಿನಂತೆ ನೋಡುವುದಿಲ್ಲ. ನಮ್ಮ ಬೀದಿಯಲ್ಲೇ ಒಬ್ಬರು ಹಾಗಿದ್ದರು. ಅವರ ಕೈಯ ನೀರು ಕುಡಿಯಲು ಹೆದರುತ್ತಿದ್ದೆವು. ಪುಸ್ತಕ ಮುಚ್ಚಿಟ್ಟ ಮೇಲೆ ನನಗೆ ನಾಚಿಕೆಯಾಯಿತು.

ಇಷ್ಟಾದರೆ ಮನೆಯಲ್ಲಿ ಸುಖವಾಗಿತ್ತು ಎಂದುಕೊಳ್ಳಬೇಡಿ. ಒಂಬತ್ತನೇ ತರಗತಿಯ ಮೊದಲ ಪರೀಕ್ಷೆಯಲ್ಲಿ ಗಣಿತದಲ್ಲಿ ನಂಬರು ಬಿತ್ತು. ಗಣಿತದ ಪುಸ್ತಕದ ಒಳಗೆ ಕಾದಂಬರಿ ಇಟ್ಟುಕೊಂಡು ಓದುತ್ತಿದ್ದದ್ದು ನಮ್ಮ ಯಜಮಾನರ ಕಣ್ಣಿಗೆ ಬಿತ್ತು. “ಕತೆ ಓದಿದ್ರೆ ಮಾರ್ಕ್ಸ್ ಬತ್ತದಾ?” ಎಂದು ಆ ಪುಸ್ತಕವನ್ನು ಟ್ರಂಕಿನಲ್ಲಿ ಹಾಕಿ ಬೀಗ ಹಾಕಿದರು. ಅದು ಗ್ರಂಥಾಲಯದ ಪುಸ್ತಕ. ಹಿಂತಿರುಗಿಸುವ ದಿನ ಬಂತು, ಮೇಲ್ವಿಚಾರಕರು ಡೈರಿಯ ಸಾಲಿನಲ್ಲಿ ನನ್ನನ್ನೇ ಕೇಳಿದರು. ಯಜಮಾನರು ಹೊಲಕ್ಕೆ ಹೋದ ಹೊತ್ತಿನಲ್ಲಿ ಬೀಗದ ಕೈ ಹುಡುಕಿ ಪುಸ್ತಕ ತೆಗೆದುಕೊಟ್ಟವರು ನಮ್ಮತ್ತೆ. ಓದು ಬರದ ಅವರು ಪುಸ್ತಕಕ್ಕೆ ಯಾಕೆ ಇಷ್ಟು ಮಾಡಿದರು ಎನ್ನುವುದಕ್ಕೂ ಕಾರಣ ಇದೆ.

ರಾತ್ರಿ ಊಟವಾದ ಮೇಲೆ ಮಗಳು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳುವ ರೂಢಿ ಆಗಿತ್ತು. ಆಗ ಓದುತ್ತಿದ್ದದ್ದು ಶಿವರಾಮ ಕಾರಂತರ ‘ಚೋಮನ ದುಡಿ’. 1933ರಲ್ಲಿ ಬಂದ ಪುಸ್ತಕ. ಚೋಮನ ಬಳಿ ಒಂದು ಜೊತೆ ಎತ್ತು ಇದೆ. ಆದರೆ ಉಳಲು ಭೂಮಿ ಇಲ್ಲ. ಅವನ ಜಾತಿಯವರಿಗೆ ಗೇಣಿಗೆ ಭೂಮಿ ಕೊಡುವ ರೂಢಿ ಆ ಊರಿನಲ್ಲಿಲ್ಲ. ಎತ್ತು ಮಾರಿಬಿಡು ಅಂತ ಎಲ್ಲ ಹೇಳಿದರೂ ಮಾರುವುದಿಲ್ಲ. ಅದರ ಮೇಲೆ ಕಾಫಿ ತೋಟದ ಸಾಲ, ಎಷ್ಟು ದುಡಿದರೂ ತೀರದ ಸಾಲ. ದುಃಖ ಹೆಚ್ಚಾದಾಗ ದುಡಿ ಬಾರಿಸುತ್ತಾನೆ. ಎತ್ತು ಕಟ್ಟಿಕೊಂಡವನ ಸಂಕಟ ಹಸು ಕಟ್ಟಿಕೊಂಡ ನಮಗೆ ಬೇಗ ಅರ್ಥವಾಗುತ್ತದೆ.

ಅತ್ತೆ ಎರಡು ರಾತ್ರಿ ಏನೂ ಮಾತಾಡದೆ ಕೇಳಿದರು. ಮೂರನೇ ರಾತ್ರಿ ತಾವಾಗಿಯೇ ಹೇಳಿದರು. ನಮ್ಮೂರಿನಲ್ಲಿ ಹಾಲಿನ ಸಂಘ ಶುರುವಾದ ಹೊಸದರಲ್ಲಿ, ಎಲ್ಲ ಕೇರಿಯವರ ಹಾಲನ್ನೂ ಒಂದೇ ಕ್ಯಾನಿಗೆ ಸುರಿಯುತ್ತಾರೆ ಎಂದು ಕೆಲವು ಮನೆಯವರು ಹಾಲು ಹಾಕಲು ಒಪ್ಪಲಿಲ್ಲವಂತೆ. “ನಮ್ಮನೇಲೂ ಮೂರು ತಿಂಗಳು ಹಾಕಲಿಲ್ಲ. ಆಮೇಲೆ ಬಟವಾಡೆ ದುಡ್ಡು ಕಂಡು ಹಾಕಿದ್ವಿ” ಎಂದರು. ಆ ಮೂರು ತಿಂಗಳ ವಿಷಯ ಇಷ್ಟು ವರ್ಷದಲ್ಲಿ ನನಗೂ ಹೇಳಿರಲಿಲ್ಲ. ಮಗಳು ಮುಂದೆ ಓದದೆ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆ ಪುಸ್ತಕವೇ ಟ್ರಂಕಿಗೆ ಹೋದದ್ದು. ಚೋಮನಿಗೆ ಕೊನೆಗೆ ಏನಾಯಿತು ಎಂದು ತಿಳಿಯದೆ ಅತ್ತೆಗೆ ನಿದ್ದೆ ಬರುತ್ತಿರಲಿಲ್ಲ. ಅದಕ್ಕೇ ಬೀಗದ ಕೈ ಹುಡುಕಿದ್ದು. ಕೊನೆ ಏನೆಂದು ನಾನು ಇಲ್ಲಿ ಬರೆಯುವುದಿಲ್ಲ.

ಗಣಿತದ ವಿಷಯದಲ್ಲಿ ಮಾತ್ರ ನಾನು ಯಜಮಾನರ ಕಡೆಯೇ. ಸಂಜೆ ಎಂಟರವರೆಗೆ ಪಾಠ, ಆಮೇಲೆ ಕತೆ ಎಂದು ಒಪ್ಪಂದವಾಯಿತು. ಮುಂದಿನ ಪರೀಕ್ಷೆಗೆ ನಂಬರು ಸ್ವಲ್ಪ ಮೇಲೆದ್ದಿತು, ಪೂರ್ತಿ ಅಲ್ಲ.

ಇಷ್ಟೆಲ್ಲ ಆಗಿದ್ದ ಹೊತ್ತಿನಲ್ಲೇ ಅವಳು ಕೊಟ್ಟಿಗೆಯ ಕಂಬಕ್ಕೆ ಒರಗಿ ಆ ಪಾಯಿಂಟ್ ಕೇಳಿದ್ದು. ಒಂದು ವರ್ಷ ಬಾಯಿ ಬಿಡದಿದ್ದವಳು ತಾನಾಗಿಯೇ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ಪ್ರತಿಭಾ ಕಾರಂಜಿಯ ಕ್ಲಸ್ಟರ್ ಮಟ್ಟ. ಅಲ್ಲಿ ಗೆದ್ದರೆ ತಾಲ್ಲೂಕು, ಆಮೇಲೆ ಜಿಲ್ಲೆ, ರಾಜ್ಯ. ಈ ಸಲ ಯಾರೂ ಬರೆದುಕೊಡುವುದು ಬೇಡ, ನಾನೇ ಬರೆಯುತ್ತೇನೆ ಎಂದು ಮೇಡಂಗೆ ಹೇಳಿದ್ದಳಂತೆ.

ಹಾಲು ಹಾಕಿ ಬಂದ ಮೇಲೆ ನನ್ನ ಸಿಟ್ಟು ಇಳಿದಿತ್ತು. ಒಲೆ ಮುಂದೆ ಕೂತು ಅವಳು ಮತ್ತೆ ಕೇಳಿದಳು. “ಸುಳ್ಳು ಪಾಯಿಂಟ್ ಬ್ಯಾಡ. ನಿಂಗೆ ನಿಜವಾಗ್ಲೂ ಏನು ಕಷ್ಟ ಆಗದೆ ಹೇಳು.”

ಅಕ್ಕತಂಗಿಯರೇ, ನಿಮ್ಮನ್ನು ಯಾರಾದರೂ ಹೀಗೆ ಕೇಳಿದ್ದಾರೆಯೇ? ನನ್ನನ್ನು ಯಾರೂ ಕೇಳಿರಲಿಲ್ಲ. ಮೊದಲು ಏನೂ ಇಲ್ಲ ಎಂದೆ. ಆಮೇಲೆ ಒಂದೊಂದಾಗಿ ಬಂದವು. ಬೆಳಿಗ್ಗೆ ಐದಕ್ಕೆ ಏಳುವುದು, ಸಗಣಿ ಬಾಚುವುದು, ಹುಲ್ಲು ಕೊಯ್ಯುವುದು. ನನ್ನ ತಮ್ಮನ ಮದುವೆಯಲ್ಲಿ ಧಾರೆ ಮುಗಿದ ತಕ್ಷಣ ಊಟಕ್ಕೂ ಕೂರದೆ ಬಸ್ಸು ಹತ್ತಿದ್ದು, ಸಂಜೆ ಹಾಲು ಕರೆಯಲು ಬೇರೆ ಯಾರೂ ಇರಲಿಲ್ಲ, ನನ್ನ ಕೈಗಲ್ಲದೆ ಆ ಹಸು ಹಾಲು ಬಿಡುತ್ತಿರಲಿಲ್ಲ. ತವರಿನಲ್ಲಿ ಎರಡು ರಾತ್ರಿ ಕಳೆದು ಎಷ್ಟು ವರ್ಷವಾಯಿತೋ. ಚಳಿಗಾಲದಲ್ಲಿ ಬೆರಳಿನ ಗೆಣ್ಣು ಮಡಿಸಲು ಬರುವುದಿಲ್ಲ.

ಅವಳು ಲೆಕ್ಕ ಹಾಕಿದಳು. ದಿನಕ್ಕೆ ಎರಡು ಸಲ, ವರ್ಷಕ್ಕೆ 730 ಸಲ. ಒಂದು ಹಸು ಬತ್ತಿಸಿದಾಗ ಇನ್ನೊಂದು ಕರೆಯುತ್ತಿರುತ್ತದೆ, ಆದ್ದರಿಂದ ರಜೆ ಇಲ್ಲ. ನಾನು ಈ ಮನೆಗೆ ಬಂದು ಆಗ 16 ವರ್ಷ. 11,680 ಸಲ. ಆ ಸಂಖ್ಯೆಯನ್ನು ಅವಳು ಜೋರಾಗಿ ಓದಿದಾಗ ನಮ್ಮತ್ತೆ, “ನಂದೂ ಸೇರಿಸು” ಎಂದರು.

ಕೊನೆಗೆ ಹೇಳಬಾರದೆಂದು ಇಟ್ಟುಕೊಂಡಿದ್ದನ್ನೂ ಹೇಳಿದೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನಮ್ಮ ಒಂದು ಹಸು ಹೋಯಿತು. ಸಾಲ ಮಾಡಿ ತಂದ ಹಸು. ವಿಮೆ ಮಾಡಿಸಿರಲಿಲ್ಲ, ಆ ತಪ್ಪು ನಮ್ಮದೇ. ಹಸು ಹೋದ ಮೇಲೆ ಒಂದೂವರೆ ವರ್ಷ ಅದರ ಕಂತು ಕಟ್ಟಿದೆವು. ಮಕ್ಕಳಿಗೆ ತಿಳಿಯದಂತೆ ನನ್ನ ಓಲೆ ಅಡ ಇಟ್ಟಿದ್ದೆ. ಈಗಿನ ಎರಡು ಹಸುವಿಗೂ ಕಿವಿಯೋಲೆ ಹಾಕಿಸಿ ವಿಮೆ ಮಾಡಿಸಿದ್ದೇವೆ. ನನ್ನ ಓಲೆ ಮಾತ್ರ ಇನ್ನೂ ಬಿಡಿಸಿಕೊಂಡಿರಲಿಲ್ಲ. “ಹಸ ಸತ್ತರೂ ಸಾಲ ಸಾಯಲಿಲ್ಲ, ಚೋಮನ ಥರಾನೇ” ಎಂದಳು. ನಾನು, ಹಾಗೆಲ್ಲ ಹೋಲಿಸಬೇಡ, ಅವನ ಕಷ್ಟ ಬೇರೆ, ನಮಗೆ ಭೂಮಿ ಇದೆ ಎಂದೆ. ಯೋಚಿಸಿ, ಹೌದು ಎಂದು ಆ ಸಾಲನ್ನು ಹೊಡೆದುಹಾಕಿದಳು. ಅಷ್ಟು ಬುದ್ಧಿ ಅವಳಿಗೆ ಬಂದದ್ದು ನನಗೆ ಸಮಾಧಾನ.

ಆಮೇಲೆ ಅವಳು ಕೇಳಿದ ಪ್ರಶ್ನೆ ನಾನು ಎಣಿಸಿರಲಿಲ್ಲ. “ಪಾಸ್‌ಬುಕ್ ಯಾರ ಹೆಸರಲ್ಲದೆ?”

ಪಾಸ್‌ಬುಕ್ಕು, ಸಂಘದ ಸದಸ್ಯತ್ವ, ಷೇರು ಎಲ್ಲ ನಮ್ಮ ಯಜಮಾನರ ಹೆಸರಲ್ಲಿತ್ತು. ಅದಕ್ಕೆ ಮೊದಲು ಮಾವನವರ ಹೆಸರಲ್ಲಿತ್ತು. ಅವರು ದುಡ್ಡು ಪೋಲು ಮಾಡುವವರಲ್ಲ, ಬಟವಾಡೆ ಬಂದ ದಿನವೇ ತಂದು ನನ್ನ ಕೈಗೆ ಕೊಡುತ್ತಾರೆ. ಆದ್ದರಿಂದ ಈ ಪ್ರಶ್ನೆ ನನ್ನ ತಲೆಗೆ ಹೊಳೆದಿರಲಿಲ್ಲ. ಅವಳು ಬರೆದುಕೊಂಡಳು. ನಾನು ಏನೂ ಹೇಳಲಿಲ್ಲ.

ಸ್ಪರ್ಧೆ ಏಳು ಕಿಲೋಮೀಟರ್ ದೂರದ ಇನ್ನೊಂದು ಊರಿನ ಶಾಲೆಯಲ್ಲಿತ್ತು. ಆ ಹೊತ್ತಿಗೆ ಬಸ್ಸಿಲ್ಲ. ನಮ್ಮ ಯಜಮಾನರು ಬೈಕಿನಲ್ಲಿ ಬಿಟ್ಟುಬರಲು ಹೋದವರು, ಹೇಗೂ ಕರೆದುಕೊಂಡು ಬರಬೇಕಲ್ಲ ಎಂದು ಅಲ್ಲೇ ಉಳಿದರು. ನಾನು ಹೋಗಲಿಲ್ಲ, ಕಾರಣ ನಿಮಗೆ ಗೊತ್ತು. ಆದ್ದರಿಂದ ಮುಂದಿನದು ನಾನು ಕೇಳಿದ್ದು. ಸ್ವಲ್ಪ ಮಗಳಿಂದ, ಸ್ವಲ್ಪ ಮೇಡಂ ಅವರಿಂದ, ತೀರ ಸ್ವಲ್ಪ ಯಜಮಾನರಿಂದ.

ಮೂರು ನಿಮಿಷ ಮಾತು, ಎರಡೂವರೆಗೆ ಒಂದು ಗಂಟೆ ಬಾರಿಸುತ್ತಾರೆ. ಆಮೇಲೆ ಎದುರಿನವರು ಪ್ರಶ್ನೆ ಕೇಳಬಹುದು. ಪರವಾಗಿ ಮಾತಾಡಿದ ಹುಡುಗ ಚೆನ್ನಾಗಿಯೇ ಮಾತಾಡಿದನಂತೆ. ಮಳೆ ಕೈಕೊಟ್ಟ ವರ್ಷವೂ ಹಾಲಿನ ದುಡ್ಡು ಕೈಕೊಡುವುದಿಲ್ಲ, ಬೆಳೆಯಾದರೆ ಮಾರುಕಟ್ಟೆಗೆ ಹೋಗಿ ದಲ್ಲಾಳಿ ಹೇಳಿದ ಬೆಲೆಗೆ ಕೊಡಬೇಕು, ಹಾಲಿಗೆ ನಮ್ಮದೇ ಸಂಘ ಇದೆ ಎಂದ. 2013ರಿಂದ ಕ್ಷೀರಭಾಗ್ಯದಲ್ಲಿ ಶಾಲೆಗೆ ಹಾಲಿನ ಪುಡಿ ಬರುತ್ತಿದೆ, ಇಲ್ಲಿ ಕೂತವರೆಲ್ಲ ಕುಡಿದ ಹಾಲು ನಮ್ಮ ನಿಮ್ಮ ಕೊಟ್ಟಿಗೆಯದೇ ಎಂದಾಗ ಚಪ್ಪಾಳೆ ಬಿತ್ತಂತೆ. ನಿಜವಲ್ಲವೇ? ನಾನಿದ್ದರೆ ನಾನೂ ತಟ್ಟುತ್ತಿದ್ದೆ.

ಇವಳು ಎದ್ದು, “ನಮ್ಮಮ್ಮ ವರ್ಷಕ್ಕೆ 730 ಸಲ ಹಾಲು ಕರೀತಾರೆ” ಎಂದು ಶುರುಮಾಡಿದಳು. ಆಧುನಿಕ ಯುಗ, ತಂತ್ರಜ್ಞಾನ ಏನೂ ಇಲ್ಲ. ಮದುವೆಯ ಊಟ ಬಿಟ್ಟು ಬಂದದ್ದು, ಸಾಲದ ಕಂತು, ಗೆಣ್ಣು ನೋವು ಎಲ್ಲ ಹೇಳಿದಳು. ಓಲೆಯ ವಿಷಯ ಹೇಳಲಿಲ್ಲ, ಅದು ಬೇಡವೆಂದು ಬೇಡಿಕೊಂಡಿದ್ದೆ. ಮಾತಿನ ಭರದಲ್ಲಿ ಒಂದು ಕಡೆ ಮತ್ತೆ ‘ಆಲು’ ಎಂದೇ ಬಂತಂತೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವಳು ಆ ಕಡೆ ನೋಡಿ, “ನಮ್ಮೂರಲ್ಲಿ ಹಾಲಿಗೆ ಆಲು ಅಂತಾನೇ ಅನ್ನೋದು. ಡಿಗ್ರಿ ಕಮ್ಮಿ ಬರಲ್ಲ” ಎಂದಳಂತೆ. ಹಾಲು ಹಾಕುವ ಮನೆಯ ಮಕ್ಕಳೇ ಅಲ್ಲಿ ಹೆಚ್ಚು. ಎಲ್ಲರೂ ನಕ್ಕರು, ಈ ಸಲ ಬೇರೆ ನಗು.

ಕೊನೆಗೆ ಆ ಹುಡುಗ ಕೇಳಿದ: “ಹಾಗಾದರೆ ನಿಮ್ಮ ತಾಯಿಯವರು ಹಸುಗಳನ್ನು ಮಾರಿಬಿಡಬೇಕು ಎನ್ನುತ್ತೀರಾ?”

ಇವಳು ಉತ್ತರ ಕೊಡದೆ ನಿಂತಳು. ಮತ್ತೆ ಮರೆತಳು ಎಂದೇ ಮೇಡಂ ತಿಳಿದರಂತೆ. ನನಗೆ ಅವಳು ಹೇಳಿದ್ದು ಬೇರೆ. ಹೌದು ಎನ್ನಬೇಕಿತ್ತು, ವಿರೋಧ ಪಕ್ಷದವಳು ಹೌದು ಎನ್ನದಿದ್ದರೆ ಸೋಲು. ಆದರೆ ನಮ್ಮ ಹಸುಗಳ ಮುಖ ನೆನಪಾಯಿತು, ಎತ್ತು ಮಾರಲಾರದ ಚೋಮನೂ ನೆನಪಾದ. ಆ ಹುಡುಗ ಹೇಳುವುದರಲ್ಲೂ ನಿಜ ಇದೆ ಎನ್ನಿಸಿತು. ಕಾದಂಬರಿ ಓದುವಾಗ ಎಲ್ಲರ ಕಡೆಯೂ ನಿಜ ಕಾಣುತ್ತದೆ, ಸ್ಪರ್ಧೆಯಲ್ಲಿ ಒಂದೇ ಕಡೆ ನಿಲ್ಲಬೇಕು, ಆಗ ಏನು ಮಾಡುವುದು ಅಂತ ಗೊತ್ತಾಗಲಿಲ್ಲ ಎಂದಳು. ಆಮೇಲೆ ಅವಳು ಹೇಳಿದ್ದು ಇದು:

“ಮಾರಲಿ ಅಂತ ಹೇಳ್ತಿಲ್ಲ. ಹಸು ನೋಡ್ಕೊಳೋದು ನಮ್ಮಮ್ಮ. ಸಂಘದ ಪುಸ್ತಕದಲ್ಲಿ ಹೆಸರು ನಮ್ಮಪ್ಪಂದು. ಮಹಾಸಭೆಗೆ ಹೋಗೋದು ಅಪ್ಪ, ಕೈ ಎತ್ತೋದು ಅಪ್ಪ. ಇದು ಹಿಂಗೇ ಇರೋದಾದ್ರೆ ನನ್ನಂಥ ಹುಡುಗಿ ಈ ಕೆಲಸ ನೆಚ್ಕೋಬೇಕು ಅಂತ ಯಾಕೆ ಹೇಳ್ತೀರಿ?”

ಕೊಠಡಿಯ ಬಾಗಿಲ ಬಳಿ ಅವರಪ್ಪ ನಿಂತಿದ್ದರು.

ಎರಡನೇ ಸ್ಥಾನ ಬಂತು. ಆ ಹುಡುಗ ತಾಲ್ಲೂಕಿಗೆ ಹೋದ. ತೀರ್ಪು ಹೇಳಿದವರು, ಮಾತು ಚೆನ್ನಾಗಿತ್ತು, ಆದರೆ ಸ್ವಂತ ಮನೆಯ ಕತೆ ಹೆಚ್ಚಾಯಿತು, ವಿಷಯ ಎಲ್ಲರದು ಎಂದರಂತೆ. ಮಗಳು ಒಂದು ವಾರ ಗೊಣಗಿದಳು. ನನಗೇನೋ ತೀರ್ಪುಗಾರರು ಅರ್ಧ ಸರಿ ಎನ್ನಿಸಿತು. ಎಲ್ಲ ಮನೆಯದೂ ಅದೇ ಕತೆಯಾದಾಗ ಅದು ಸ್ವಂತದ್ದು ಹೇಗಾಗುತ್ತದೆ ಎಂದು ಅವಳು ಕೇಳಿದಳು, ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಬರುವಾಗ ಏಳು ಕಿಲೋಮೀಟರ್ ಅಪ್ಪ ಮಗಳು ಒಂದು ಮಾತೂ ಆಡಲಿಲ್ಲವಂತೆ. ಮನೆಗೆ ಬಂದವರು ಕಾಫಿ ಕುಡಿಯದೆ ಹೊಲದ ಕಡೆ ಹೋದರು. ವಿಷಯ ಊರಿಗೂ ಬಂತು. ಡೈರಿಯ ಸಾಲಿನಲ್ಲಿ ಒಬ್ಬರು, “ಮಗಳು ಮೈಕಲ್ಲಿ ಅಪ್ಪನ ಮಾನ ಕಳೆದಳಂತೆ” ಎಂದು ನನಗೆ ಕೇಳುವಂತೆಯೇ ಹೇಳಿದರು. ಮೂರು ದಿನ ಮನೆಯಲ್ಲಿ ಹಸುಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವಳು ಮಾಡಿದ್ದು ಸರಿಯೋ ತಪ್ಪೋ ಎಂದು ನಾನೂ ಒದ್ದಾಡಿದೆ. ನಾಲ್ಕು ಜನರ ಎದುರು ಹೇಳುವ ಮೊದಲು ಮನೆಯಲ್ಲಿ ಅಪ್ಪನಿಗೇ ಹೇಳಬಹುದಿತ್ತು ಎಂದು ಈಗಲೂ ನನಗೆ ಅನ್ನಿಸುತ್ತದೆ. “ಮನೇಲಿ ಹೇಳಿದ್ರೆ ಕೇಳ್ತಿದ್ರಾ?” ಎನ್ನುತ್ತಾಳೆ ಅವಳು.

ನಾಲ್ಕನೇ ದಿನ ಬೆಳಿಗ್ಗೆ ಹಾಲಿನ ಕ್ಯಾನ್ ತೊಳೆಯುತ್ತಿದ್ದಾಗ ಯಜಮಾನರು ಹಿಂದೆ ಬಂದು ನಿಂತು, “ಸದಸ್ಯತ್ವದ ಅರ್ಜಿ ಕಾರ್ಯದರ್ಶಿಗಳ ಹತ್ರ ಸಿಗ್ತದಂತೆ, ಇಸ್ಕೊಂಡು ಬಾ” ಎಂದರು. ಅಷ್ಟೇ. ಅರ್ಜಿ ತುಂಬಿದೆ, ಷೇರಿನ ಹಣ ಕಟ್ಟಿದೆ, ಆಡಳಿತ ಮಂಡಳಿಯಲ್ಲಿ ಒಪ್ಪಿಗೆಯಾಯಿತು. ಈಗ ಹಾಲು ನನ್ನ ಹೆಸರಲ್ಲಿ ಹೋಗುತ್ತದೆ, ಬಟವಾಡೆ ನನ್ನ ಖಾತೆಗೆ ಬರುತ್ತದೆ. ಅದರಿಂದಲೇ ಓಲೆ ಬಿಡಿಸಿಕೊಂಡೆ.

ಮುಂದಿನ ಮಹಾಸಭೆಗೆ ನಾನೇ ಹೋದೆ. ಹೆಂಗಸರು ಹಿಂದೆ ಕೂತಿದ್ದೆವು. ಪಶುಆಹಾರದ ಚೀಲ ತಡವಾಗಿ ಬರುವ ವಿಷಯ ಕೇಳಬೇಕೆಂದು ಮನೆಯಿಂದಲೇ ಯೋಚಿಸಿಕೊಂಡು ಹೋಗಿದ್ದೆ. ಎದ್ದು ನಿಂತಾಗ ಕಾಲು ನಡುಗಿತು, ಗಂಟಲು ಒಣಗಿತು. ಎಂಟನೇ ತರಗತಿಯಲ್ಲಿ ಮಗಳಿಗೆ ಏನಾಗಿತ್ತೆಂದು ಆ ಹೊತ್ತಿಗೆ ನನಗೆ ಗೊತ್ತಾಯಿತು. ಹೇಗೋ ಕೇಳಿದೆ. ಅಧ್ಯಕ್ಷರು ಬರೆದುಕೊಂಡರು. ಚೀಲ ಈಗಲೂ ಕೆಲವು ಸಲ ತಡವಾಗುತ್ತದೆ.

ನಮ್ಮ ಹಾಸನದವರೇ ಆದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಾಗ ಮಗಳು ಪತ್ರಿಕೆಯಲ್ಲಿ ಬಂದ ಫೋಟೊ ಕತ್ತರಿಸಿ ಗೋಡೆಗೆ ಅಂಟಿಸಿದ್ದಾಳೆ. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲಂತೆ. ಅವರು ವಕೀಲರೂ ಹೌದು. “ವಾದವೂ ಮಾಡ್ಬೋದು, ಕತೆಯೂ ಬರೀಬೋದು, ನೋಡು” ಎಂದು ಅಪ್ಪನಿಗೆ ತೋರಿಸಿದಳು. ಯಜಮಾನರು ಫೋಟೊ ನೋಡಿ, “ಗಣಿತ?” ಎಂದರು.

ಈಗ ಅವಳು ಹತ್ತನೇ ತರಗತಿ. ಮುಂದಿನ ವರ್ಷ ಪಿಯುಸಿಗೆ ತಾಲ್ಲೂಕಿಗೆ ಹೋಗಬೇಕು. ಹೆಂಗಸರಿಗೆ ಬಸ್ಸಿನ ದುಡ್ಡಿನ ಚಿಂತೆ ಈಗಿಲ್ಲ, ಹೊತ್ತಿನದೇ ಚಿಂತೆ. ಬಸ್ಸು ಬೆಳಿಗ್ಗೆ ಏಳೂಕಾಲಿಗೆ. ವಾಪಸು ಬರುವುದು ಸಂಜೆ ಆರೂವರೆಗೆ. ಹುಲ್ಲು ತರುವುದು, ಸಂಜೆ ಕ್ಯಾನ್ ಒಯ್ಯುವುದು ಇದುವರೆಗೆ ಅವಳ ಪಾಲಿನ ಕೆಲಸ. ಅದೂ ನನ್ನ ಪಾಲಿಗೆ ಬಂದರೆ ಎರಡು ಹಸು, ಕರು ಹಾಕಲಿರುವ ಪಡ್ಡೆ ಎಲ್ಲವನ್ನೂ ನಾನೊಬ್ಬಳೇ ನೋಡಿಕೊಳ್ಳಬಲ್ಲೆನೇ? ಪಡ್ಡೆ ಮಾರುವುದೋ, ಹಾಲು ಕರೆಯುವ ಮಿಷನ್ ತರುವುದೋ, ಯಜಮಾನರು ಸಂಜೆಯ ಕೆಲಸ ವಹಿಸಿಕೊಳ್ಳುವುದೋ, ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಹತ್ತನೇ ತರಗತಿಗೇ ಓದು ನಿಲ್ಲಿಸುವ ಮಾತನ್ನು ಮಾತ್ರ ಈ ಮನೆಯಲ್ಲಿ ಯಾರೂ ಎತ್ತಿಲ್ಲ. ನನ್ನ ಕಾಲದಲ್ಲಿ ಎತ್ತಬೇಕಾಗಿಯೂ ಇರಲಿಲ್ಲ, ತಾನಾಗಿಯೇ ನಿಂತುಹೋಗಿತ್ತು.

ರಾತ್ರಿಯ ಓದು ನಡೆದಿದೆ. ಈಗ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು ಮಡಿಯಲ್ಲೇ ಬದುಕು ಸವೆಸಿದ, ನಿಜವಾಗಿ ಬಾಳಿದ ಒಬ್ಬ ಹೆಂಗಸಿನ ಕತೆ. ಬರೆದವರು ಶಾಲೆಗೆ ಹೋದದ್ದು ಏಳು ವರ್ಷ ಮಾತ್ರ, ಕಾದಂಬರಿ ಬರೆಯಲು ಶುರುಮಾಡಿದ್ದು 45ರ ಸುಮಾರಿಗೆ ಎಂದು ಮಗಳು ಹೇಳಿದಾಗ, ಅತ್ತೆ ನನ್ನ ಕಡೆ ನೋಡಿ, “ನಿಂಗಿನ್ನೂ ಟೇಮದೆ” ಎಂದರು. ಪುಸ್ತಕವನ್ನು ಸೋಮವಾರ ಹಿಂತಿರುಗಿಸಬೇಕು, ಇನ್ನೂ ಇಪ್ಪತ್ತು ಪುಟ ಇದೆ. ನಿನ್ನೆ ಪಡ್ಡೆಗೆ ಹೊಟ್ಟೆಯುಬ್ಬರವಾಗಿ ಎಲ್ಲರೂ ಕೊಟ್ಟಿಗೆಯಲ್ಲೇ ಇದ್ದೆವು, ಓದು ಆಗಲಿಲ್ಲ. ಡಾಕ್ಟರು ಬಂದು ಹೋದ ಮೇಲೆ ಹಸುಗಳ ಮುಂದೆಯೇ ಗೋಣಿಚೀಲ ಹಾಸಿ ಕೂತು, “ಅಜ್ಜಿ, ಇಲ್ಲೇ ಓದ್ಲಾ?” ಎಂದು ಕೇಳಿದಳು. ಯಜಮಾನರು ಬಲ್ಬು ಇರುವ ಕಡೆಗೆ ಚೀಲ ಎಳೆದುಕೊಟ್ಟರು.